ನಾಲ್ಕನೆಯ ಜಾಗದಿಂದ ನೋಡುವವರು

ಕಳೆದ ಮಾರ್ಚ್ ತಿಂಗಳ ಎರಡನೆಯ ಬುಧವಾರ, ಮುಂಜಾನೆ ಏಳು ಗಂಟೆ ಹತ್ತು ನಿಮಿಷದಿಂದ ಒಂಬತ್ತೂಕಾಲಿನ ತನಕ, ಖಾನಾಪುರದ ಪಶ್ಚಿಮಕ್ಕಿರುವ ಗುಡ್ಡಗಳ ನಡುವಿನ ಒಂದು ಸಣ್ಣ ಜಲಾಶಯದ ಈಚೆ ದಂಡೆಯಲ್ಲಿ ನಾನು ನಿಂತಿದ್ದೆ. ನಿಂತ ಜಾಗ, ಕಾಲುದಾರಿ ಇಳಿಯುವಲ್ಲಿರುವ ಹೊರೆಗಲ್ಲಿನಿಂದ ಎಡಕ್ಕೆ ಮೂರು ಹೆಜ್ಜೆ. ಎರಡು ನಿಲುಗಲ್ಲುಗಳ ಮೇಲೆ ಒಂದು ಅಡ್ಡಗಲ್ಲು. ತಲೆಯ ಮೇಲೆ ಭಾರ ಹೊತ್ತು ಬಂದವರು ಇನ್ನೊಬ್ಬರ ಕೈ ಕಾಯದೆ ಭಾರ ಇಳಿಸಿ ದಣಿವಾರಿಸಿಕೊಳ್ಳಲೆಂದು ಯಾರೋ ಯಾವಾಗಲೋ ನೆಟ್ಟದ್ದು. ಸೂರ್ಯ ನನ್ನ ಬೆನ್ನಿಗಿದ್ದ. ಎದುರಿಗೆ ನೀರು, ನೀರಿನಾಚೆ ಇಳಿಜಾರು, ಇಳಿಜಾರಿನ ನಡುವೆ ಒಂದು ದೊಡ್ಡ ಬಿಳಿ ಬಂಡೆ. ಕ್ಯಾಮೆರಾ ಮೂರು ಕಾಲಿನ ಮೇಲೆ, ನಾನು ಎರಡು ಕಾಲಿನ ಮೇಲೆ, ಒಟ್ಟು ಐದು ಕಾಲುಗಳು ಎರಡು ಗಂಟೆ ಐದು ನಿಮಿಷ ಅಲ್ಲಾಡದೆ ನಿಂತಿದ್ದೆವು.

ಯಾರೂ ಬರಲಿಲ್ಲ. ಯಾರೂ ಕಾಣಲಿಲ್ಲ. ಒಂದು ಸಲ ಮಾತ್ರ ಹಿಂದೆಲ್ಲೋ ಲೋಹಕ್ಕೆ ಲೋಹ ತಾಗಿದ ಸಣ್ಣ ಸದ್ದಾಯಿತು. ಟ್ರೈಪಾಡಿನ ತಿರುಪು ಸಡಿಲಾಗಿರಬೇಕೆಂದು ಅದನ್ನೇ ಇನ್ನೊಂದು ಸುತ್ತು ಬಿಗಿದೆ. ಆಮೇಲೆ ಹೊರೆಗಲ್ಲಿನ ಮೇಲೆ ಹಾಳೆಯಿಟ್ಟು, 'ಇಲ್ಲಿಂದ ನೋಡುವವರು' ಎಂಬ ಅಂಕಣದಲ್ಲಿ 'ಯಾರೂ ಇಲ್ಲ' ಎಂದು ಬರೆದು, ಕೆಳಗೆ ಸಹಿ ಮಾಡಿದೆ.

ಆ ಎರಡು ಪದಗಳನ್ನು ವಾಪಸ್ಸು ಪಡೆಯಲು ಈಗ ನಾನು ಒದ್ದಾಡುತ್ತಿದ್ದೇನೆ. ಬರುವ ಸೋಮವಾರದೊಳಗೆ ಪಡೆಯಬೇಕು.

ಇದರ ಮೊದಲ ಸುಳಿವು ಕೊಟ್ಟದ್ದು ನಮ್ಮ ಮನೆಯಾಕೆಯ ಒಂದು ಮಾತು. ಆ ದಿನದ ಫೋಟೋದ ಒಂದು ದೊಡ್ಡ ಪ್ರತಿ ಹೆಚ್ಚಾಗಿ ಉಳಿದಿತ್ತು. ಎಸೆಯಲು ಮನಸ್ಸಾಗದೆ ಅದನ್ನು ಅಡಿಗೆಮನೆಯ ಬಾಗಿಲ ಬಾಜೂ ಗೋಡೆಗೆ ಅಂಟಿಸಿದ್ದೆ. ಆಕೆ ಖಾನಾಪುರದವಳು, ಗುಡ್ಡ ನೋಡಿ ಬೆರಗಾಗುವ ಪೈಕಿಯಲ್ಲ. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಕೈಯನ್ನು ಹಿಟ್ಟಿನಲ್ಲೇ ಬಿಟ್ಟು ಅದನ್ನು ದಿಟ್ಟಿಸಿ, "ಎಷ್ಟ ಛಂದ ತಗದೀರಿ. ಖರೇ, ಇದರಾಗ ಒಂದ ಹುಳಾ ಸೈತ ಇಲ್ಲಲ್ರೀ?" ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ನಲವತ್ತು ವರ್ಷ ಫೋಟೋ ತೆಗೆದವನಿಗೆ ಯಾರೂ ಅಡ್ಡ ಬಾರದ ಫೋಟೋಕ್ಕಿಂತ ದೊಡ್ಡ ಭಾಗ್ಯ ಯಾವುದಿದೆ ಹೇಳಿ.

ಈ ಅಡ್ಡ ಬರುವ ವಿಚಾರ ನಮ್ಮ ಮನೆತನದ ರೋಗ. ಬೆಳಗಾವಿಯಲ್ಲಿ ನಮ್ಮ ಸ್ಟುಡಿಯೋ ತೆರೆದದ್ದು ಅಪ್ಪ. ಅವರ ಹತ್ತಿರ ಒಂದು ಪರದೆಯಿತ್ತು. ಗೋಡೆಯುದ್ದ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಗುಡ್ಡಸಾಲು, ಕೆಳಗೆ ಸರೋವರ, ಸರೋವರದಲ್ಲಿ ಎರಡು ಹಂಸ, ದಂಡೆಯ ಮೇಲೆ ಕೆಂಪು ಹೆಂಚಿನ ಒಂದು ಮನೆ. ಖಾನಾಪುರದ ಖರೇ ಗುಡ್ಡಗಳ ನಡುವೆ ಹುಟ್ಟಿ ಬೆಳೆದವರು ಬಸ್ಸು ಹತ್ತಿ ಬೆಳಗಾವಿಗೆ ಬಂದು, ಬರೆದ ಗುಡ್ಡದ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕೂದಲಿಗೆ ನೀರು ಹಚ್ಚಿ ಬಾಚಿಕೊಳ್ಳುತ್ತಿದ್ದರು. ಆ ವಾಸನೆ, ಅಂದರೆ ಪೌಡರು, ಕೊಬ್ಬರಿ ಎಣ್ಣೆ ಮತ್ತು ಬಿಸಿ ಬಲ್ಬಿನ ಮೇಲೆ ಸುಟ್ಟ ಧೂಳು ಕೂಡಿದ ವಾಸನೆ, ನನಗೆ ಇಂದಿಗೂ ಗುಡ್ಡ ಎಂದ ಕೂಡಲೇ ಮೂಗಿಗೆ ಬರುತ್ತದೆ. ನಿಜವಾದ ಗುಡ್ಡದ ಮೇಲೆ ನಿಂತಾಗಲೂ ಬರುತ್ತದೆ, ಏನು ಮಾಡಲಿ.

ಒಂದು ಮಳೆಗಾಲ ಪರದೆಯ ಕೆಳಭಾಗಕ್ಕೆ ಗೆದ್ದಲು ಹತ್ತಿತು. ಹೊಸ ಪರದೆ ತರುವ ಬದಲು ಅಪ್ಪ ತೂತುಗಳಿಗೆ ತೇಪೆ ಹಾಕಿ, ಮೇಲೆ ನೀಲಿ ಬಳಿದು, ನೀರನ್ನು ಒಂದೂವರೆ ಗೇಣು ಏರಿಸಿಬಿಟ್ಟರು. ಹಂಸಗಳನ್ನು ಮೇಲಕ್ಕೆ ಸಾಗಿಸಿದರು. ಕೆಂಪು ಹೆಂಚಿನ ಮನೆ ಮಾತ್ರ ನೀಲಿಯಡಿ ಹೋಯಿತು. ನೋಡಲು ಮೊದಲಿಗಿಂತ ಚೆನ್ನಾಗಿಯೇ ಇತ್ತು. ಕೆಲವು ದಿನಗಳ ನಂತರ ಬೀಡಿ ಎಂಬ ಊರಿನಿಂದ ಒಬ್ಬ ರೈತ ಹೆಂಡತಿಯೊಂದಿಗೆ ಬಂದ. ಮದುವೆಯಾದ ಹೊಸತರಲ್ಲಿ ಅದೇ ಪರದೆಯ ಮುಂದೆ ಫೋಟೋ ತೆಗೆಸಿಕೊಂಡವನು. ಕುರ್ಚಿಯಲ್ಲಿ ಕೂರುವ ಮೊದಲು ಹಿಂದೆ ತಿರುಗಿ ನೋಡಿ, "ಆ ಮನಿ ಎಲ್ಲಿ ಹೋತ್ರಿ?" ಎಂದು ಕೇಳಿದ. ಅಪ್ಪ ಲೆನ್ಸಿನಿಂದ ಕಣ್ಣು ತೆಗೆಯದೆ, "ಮುಳಗೇತಿ. ನೀ ಮುಂದ ನೋಡು," ಎಂದರು. ಆತ ಮುಂದೆ ನೋಡಿದ. ಆ ಫೋಟೋದಲ್ಲಿ ಅವನ ಮುಖ ನನಗೆ ಇನ್ನೂ ನೆನಪಿದೆ. ಯಾರೋ ಹೇಳದೆ ಕೇಳದೆ ಮನೆ ಬದಲಾಯಿಸಿದಾಗ ಪತ್ತೆ ಹುಡುಕಿ ಬಂದವನ ಮುಖ.

ವಿಷಯ ಬಿಟ್ಟು ಎಲ್ಲಿಗೋ ಹೋದೆ. ಜಲಾಶಯಕ್ಕೆ ಬರುತ್ತೇನೆ.

ಆ ಗುಡ್ಡದ ಕೆರೆಯ ಕಟ್ಟೆಯನ್ನು ಎತ್ತರಿಸುವ ಯೋಜನೆಯಿದೆ. ನೀರು ಎರಡಾಳಿನಷ್ಟು ಮೇಲೇರುತ್ತದೆ. ಏರಿದ ಮೇಲೆ ಸುತ್ತಲಿನ ನೋಟ ಹೇಗೆ ಬದಲಾಗುತ್ತದೆ ಎಂದು ಮೊದಲೇ ಚಿತ್ರಸಹಿತ ವರದಿ ಕೊಡಬೇಕಂತೆ. ಆ ವರದಿ ಬರೆಯುವ ಸಂಸ್ಥೆಗೆ ಸ್ಥಳೀಯ ಫೋಟೋಗ್ರಾಫರ್ ಬೇಕಾಗಿತ್ತು, ನನ್ನನ್ನು ಕರೆದರು. ಕರೆದವಳು ಸ್ನೇಹಾ ಎಂಬ ಇಂಜಿನಿಯರು, ನನ್ನ ಮಗಳ ವಯಸ್ಸಿನವಳು. ಆರು ಜಾಗ ಗುರುತಿಸಿದ ನಕ್ಷೆ ಕೊಟ್ಟಳು. ಪ್ರತಿ ಜಾಗದಿಂದ ಫೋಟೋ ತೆಗೆಯಬೇಕು, ಅಲ್ಲಿ ನಿಂತಷ್ಟು ಹೊತ್ತು ಯಾರು ಯಾರು ಆ ನೋಟ ನೋಡುತ್ತಾರೆ ಎಂದು ಬರೆಯಬೇಕು. ಅಷ್ಟೇ ಕೆಲಸ. "ಕಾಕಾ, ಕಂಡದ್ದಷ್ಟ ಬರೀರಿ. ಅಂದಾಜಲೆ ಬರೀಬ್ಯಾಡ್ರಿ," ಎಂದು ಒತ್ತಿ ಹೇಳಿದಳು. ನನ್ನಂಥವನಿಗೆ ಇದನ್ನು ಹೇಳುವುದೇ ಬೇಡ. ಮನೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟಾಪಿನಿಂದ ಒಮ್ಮೆ ವಾಪಸ್ಸು ಬಂದು ಜಗ್ಗುವವನು ನಾನು.

ನನ್ನ ಫೋಟೋಗಳ ಮೇಲೆ ಆಕೆ ಕಂಪ್ಯೂಟರಿನಲ್ಲಿ ನೀರು ಏರಿಸಿದಳು. ಪರದೆಯ ಮುಂದೆ ಕುಂಚ ಹಿಡಿದ ಅಪ್ಪನನ್ನೇ ನೋಡಿದಂತಾಯಿತು. ತುಂಬಿದ ನೀಲಿ, ದಂಡೆ ದಂಡೆಗೂ ಹಸಿರು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ಮಣ್ಣಿನ ಕೆಂಪು ಪಟ್ಟಿ ಇದರಲ್ಲಿ ಎಲ್ಲಿ ಎಂದು ಕೇಳಿದೆ. ಅದನ್ನೂ ಬೇರೆಯಾಗಿ ತೋರಿಸುತ್ತೇವೆ ಎಂದಳು, ತೋರಿಸಿದಳು ಕೂಡ. ಪ್ರಾಮಾಣಿಕ ಹುಡುಗಿ. ತಪ್ಪು ಆಕೆಯದಲ್ಲ, ಅದಕ್ಕೇ ನನಗೆ ನಿದ್ದೆ ಬರುತ್ತಿಲ್ಲ.

ಕಟ್ಟೆ ಎತ್ತರಿಸಲು ಕಲ್ಲು ಬೇಕು. ಕಲ್ಲನ್ನು ಹತ್ತಿರದಲ್ಲೇ, ಆದರೆ ಯಾರ ಕಣ್ಣಿಗೂ ಬೀಳದ ಇಳಿಜಾರಿನಲ್ಲಿ ಒಡೆಯಬೇಕು ಎಂಬುದು ನಿಯಮ. ಬಿಳಿ ಬಂಡೆಯ ಇಳಿಜಾರು ಉಳಿದ ಐದು ಜಾಗಗಳಿಂದ ಕಾಣುವುದಿಲ್ಲ, ಗುಡ್ಡದ ಏಣು ಮರೆಮಾಡುತ್ತದೆ. ಕಾಣುವುದು ನಾಲ್ಕನೆಯ ಜಾಗದಿಂದ ಮಾತ್ರ, ಅಂದರೆ ಹೊರೆಗಲ್ಲಿನಿಂದ. ಮತ್ತು ಹೊರೆಗಲ್ಲಿನಿಂದ ನೋಡುವವರು ಯಾರೂ ಇಲ್ಲ. ನಾನೇ ಬರೆದಿದ್ದೇನೆ. ಹಾಗಾಗಿ ಕಲ್ಲು ಒಡೆಯುವುದು ಆ ಬಂಡೆಯನ್ನೇ ಎಂದು ವರದಿಯಲ್ಲಿ ಬಂತು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಧೈರ್ಯ ಸಾಲದು. ಅಂದು ಹೊರೆಗಲ್ಲಿನ ಹತ್ತಿರದಿಂದ ತೆಗೆದ ಮೂರೂ ಫೋಟೋಗಳಲ್ಲಿ ಬಿಳಿ ಬಂಡೆಯ ಮೇಲೆ ಒಂದು ಕಪ್ಪು ಚುಕ್ಕೆಯಿತ್ತು. ಸಾಸಿವೆ ಕಾಳಿನಷ್ಟು. ಕ್ಯಾಮೆರಾದೊಳಗೆ ಧೂಳು ಕೂತರೆ ಹೀಗೆಯೇ ಪ್ರತಿ ಫೋಟೋದಲ್ಲೂ ಒಂದೇ ಜಾಗದಲ್ಲಿ ಚುಕ್ಕೆ ಬೀಳುತ್ತದೆ. ನೂರಾರು ವಧುಗಳ ಮೊಡವೆ ಅಳಿಸಿದ ಕೈ ಇದು. ಕೊಡುವ ಮೊದಲು ಅದನ್ನೂ ನೀಟಾಗಿ ಅಳಿಸಿದೆ.

ಮಳೆಗಾಲ ಕಳೆಯಿತು. ನನ್ನ ಬಲಗಣ್ಣಿಗೆ ಪೊರೆ ಬಂದಿದೆ ಎಂದು ಗೊತ್ತಾದದ್ದು ಆಗಲೇ. ನೆಹರು ನಗರದ ದೊಡ್ಡ ದವಾಖಾನೆಗೆ ಹೋದೆ. ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗುವ ತನಕ ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಕೂರಿಸಿದರು. ಎರಡೂ ಕಡೆ ನನ್ನಂತೆಯೇ ಕಣ್ಣು ಮುಚ್ಚಿದವರ ಸಾಲು. ನನ್ನ ಬಾಜೂ ಕೂತ ಮುದುಕಿಯೊಬ್ಬಳು ಮರಾಠಿಯಲ್ಲಿ ಯಾರನ್ನೋ ಗದರುತ್ತಿದ್ದಳು: ಎಮ್ಮೆ ಯಾರು ಹಿಂಡಿದರು, ಬೆಣ್ಣೆ ಯಾರು ತೆಗೆದರು, ತಾನಿಲ್ಲದೆ ಎಲ್ಲ ಹಾಳು. ಅಷ್ಟರಲ್ಲಿ ಆಕೆಯನ್ನು ಕರೆತಂದಿದ್ದ ನಡುವಯಸ್ಸಿನ ಹೆಂಗಸು ನನ್ನ ಎದುರಿಗೆ ಬಂದು ನಿಂತಳು.

"ಫೋಟೋ ಮಾಮಾ ಅಲ್ರೀ ನೀವು?"

ಕಣ್ಣು ತೆರೆದರೆ ಎಲ್ಲವೂ ಬೆಳ್ಳಗೆ ಮಂಜು. ಹೌದು ಎಂದೆ. ಆಕೆ ತನ್ನ ಹೆಸರು ಜನಾಬಾಯಿ ಎಂದಳು. ಆ ಕೆರೆಯ ಈಚೆ ದಂಡೆಯ ಗೌಳಿವಾಡೆಯವಳು. ಎಮ್ಮೆ ಸಾಕಿ ಹಾಲು ಬೆಣ್ಣೆ ಮಾರುವವರ ಹತ್ತು ಹದಿನೈದು ಮನೆಗಳ ಊರು ಅದು. ಆಕೆಯ ಮದುವೆಯ ಫೋಟೋ ತೆಗೆದವನು ನಾನೇ. ಮುದುಕಿ ಆಕೆಯ ಅತ್ತೆ ಧೋಂಡೂಬಾಯಿ, ಎರಡೂ ಕಣ್ಣಿಗೆ ಪೊರೆ. ಕುಶಲ ಕೇಳಿದ ಮೇಲೆ ಜನಾಬಾಯಿ ಇದ್ದಕ್ಕಿದ್ದಂತೆ ನಕ್ಕಳು.

"ಆವತ್ತ ಮಾರ್ಚದಾಗ ನೀವು ನಮ್ಮ ಬಸ್ ತಪ್ಪಿಸಿದ್ರಿ ನೋಡ್ರಿ."

ನನಗೆ ಅರ್ಥವಾಗಲಿಲ್ಲ. ಆಕೆ ಬಿಡಿಸಿ ಹೇಳಿದಳು. ಆ ಬುಧವಾರ ಎಂದಿನಂತೆ ಏಳೂವರೆಗೆ ಅತ್ತೆಯೂ ಸೇರಿ ಐದು ಜನ ಹಾಲಿನ ಕ್ಯಾನುಗಳೊಂದಿಗೆ ಹೊರೆಗಲ್ಲಿಗೆ ಬಂದರಂತೆ. ನೋಡಿದರೆ ನಾನು ಕ್ಯಾಮೆರಾ ಹೂಡಿ ನಿಂತಿದ್ದೇನೆ. ಎಲ್ಲರೂ ಇಪ್ಪತ್ತು ಹೆಜ್ಜೆ ಹಿಂದಿನ ಕವಳಿ ಪೊದೆಯ ಹಿಂದೆ ಕ್ಯಾನು ಇಳಿಸಿ ಕೂತರು. ಈಗ ಮುಗಿಸುತ್ತಾನೆ, ಆಗ ಮುಗಿಸುತ್ತಾನೆ ಎಂದು ಎರಡು ಗಂಟೆ ಕೂತರು. ಒಮ್ಮೆ ಕ್ಯಾನಿನ ಮುಚ್ಚಳ ತಾಗಿ ಸದ್ದಾದಾಗ ಒಬ್ಬರಿಗೊಬ್ಬರು ಕಣ್ಣು ಬಿಟ್ಟುಕೊಂಡು ಗದರಿಕೊಂಡರಂತೆ.

ಒಂದು ಮಾತು ಕೂಗಬಾರದಿತ್ತೇ ಎಂದು ಕೇಳಿದೆ.

"ಹೆಂಗ ಕೂಗೂದ್ರಿ? ನೀವಽ ಕಲಿಸಿದ್ರಿ ಅಲ್ಲ. ನನ್ನ ಮದಿವ್ಯಾಗ ನಮ್ಮ ಮಾವನ ಅಪ್ಪ ಅಕ್ಕಿಕಾಳ ಹಾಕಾಕ ಬಂದ್ರ, ಹಿಂದ ಸರೀರಿ ಅಜ್ಜಾರ, ಅಡ್ಡ ಬಂದ್ರ ಫೋಟೋ ಸಾಯತೈತಿ ಅಂತ ಒದರಿದ್ರಿ. ಮುದುಕ ಹೆದರಿ ಕಾಳ ಕೈಯಾಗ ಹಿಡಕೊಂಡಽ ನಿಂತಾ. ಅವತ್ತಿನಿಂದ ನಮ್ಮ ವಾಡೆದಾಗ ಯಾರೂ ಕ್ಯಾಮೆರಾದ ಮುಂದ ಹಾಯೂದಿಲ್ಲ."

ಹೌದು, ಒದರಿರಬೇಕು. ರೀಲಿನ ಕಾಲ, ಒಂದೊಂದು ಫ್ರೇಮಿಗೂ ಜೀವ ಹಿಡಿದು ಬದುಕುತ್ತಿದ್ದ ಕಾಲ. ತಾಲೂಕಿನ ಎಷ್ಟು ಮಂಟಪಗಳಲ್ಲಿ ಎಷ್ಟು ಅಜ್ಜಂದಿರನ್ನು ಹಿಂದೆ ಸರಿಸಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಸರಿದು ಸರಿದು ಕೊನೆಗೆ ಆ ಪೊದೆಯ ಹಿಂದೆ ಹೋಗಿ ಕೂತಿದ್ದರು.

ಹಾಗಾದರೆ ಅಲ್ಲಿ ದಿನವೂ ಯಾರಾದರೂ ಎದುರಿನ ಗುಡ್ಡ ನೋಡುತ್ತಾರೆಯೇ ಎಂದು ಕೇಳಿದೆ. ಇದಕ್ಕೆ ಉತ್ತರ ಕೊಟ್ಟವಳು ಅತ್ತೆ. ಕಣ್ಣು ಮುಚ್ಚಿಕೊಂಡೇ ಕೊಟ್ಟಳು. ಆಕೆಯ ಮಗಳು ಗಂಗೂಬಾಯಿಯನ್ನು ಆಚೆ ದಂಡೆಯ ವಾಡೆಗೆ ಕೊಟ್ಟಿದೆ. ನಡುವಿನ ಹಳೆಯ ದಾರಿ ಕೆರೆ ಕಟ್ಟಿದಾಗಲೇ ನೀರಿಗೆ ಹೋಗಿದೆ. ಸುತ್ತಿ ಹೋಗಲು ಅರ್ಧ ದಿನ. ಅಲ್ಲಿ ಫೋನು ಹತ್ತುವುದಿಲ್ಲ. ಅದಕ್ಕೇ ಗಂಗೂಬಾಯಿ ದಿನಾ ಮುಂಜಾನೆ ಬಿಳಿ ಬಂಡೆಯ ಮೇಲೆ ಒಂದು ಕರಿ ಕಂಬಳಿ ಹಾಸುತ್ತಾಳೆ. ಕಂಬಳಿ ಕಂಡರೆ ಆಚೆ ಎಲ್ಲ ಸರಿ ಇದೆ ಎಂದು ಅರ್ಥ. ಕಾಣದಿದ್ದರೆ ಈ ಕಡೆಯಿಂದ ಒಬ್ಬರು ಸುತ್ತುದಾರಿ ಹಿಡಿದು ಹೊರಡಬೇಕು. ಒಮ್ಮೆ ಹಾಗೆ ಹೊರಟು, ಹೆರಿಗೆ ಕಷ್ಟವಾಗಿದ್ದವಳನ್ನು ಜೋಳಿಗೆ ಕಟ್ಟಿ ಹೊತ್ತು ತಂದಿದ್ದರಂತೆ.

ನನಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ. ಸಾಸಿವೆ ಕಾಳಿನಷ್ಟು ಕಪ್ಪು. ಮೂರೂ ಫೋಟೋಗಳಲ್ಲಿ. ಅಳಿಸಿದ ಬೆರಳು ಬಲಗೈಯ ತೋರುಬೆರಳು.

ಆ ದಿನವೂ ಕಂಬಳಿ ಕಂಡಿತ್ತೇ ಎಂದು ಕೊನೆಗೆ ಕೇಳಿದೆ.

ಧೋಂಡೂಬಾಯಿ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದಳು. "ನನಗ ಎಲ್ಲಿ ಕಾಣತೈತಿ? ಐತೇನ ಅಂತ ಇವರನ್ನ ಕೇಳತಿದ್ನಿ. ಇವರು ವಾಲಿ ವಾಲಿ ನೋಡತಿದ್ರು. ನಡುವ ನೀವು ಅಡ್ಡ ಇದ್ರಿ."

ಬೆಂಚಿನ ಮೇಲಿದ್ದ ಯಾರೋ ಕಣ್ಣು ಮುಚ್ಚಿಕೊಂಡೇ ನಕ್ಕರು. ನಾನೂ ನಗಬೇಕಿತ್ತು. ಜನಾಬಾಯಿ ದನಿ ತಗ್ಗಿಸಿ ಹೇಳಿದ್ದು ಕೇಳಿ ನಗು ಬರಲಿಲ್ಲ. ಅತ್ತೆ ಚಾಕುವಿಗೆ ಹೆದರುವವಳು, ಇಷ್ಟು ದಿನ ಆಪರೇಷನ್ ಬೇಡವೆನ್ನುತ್ತಿದ್ದಳು. ಈಗ ಒಪ್ಪಿದ್ದು ಒಂದೇ ಕಾರಣಕ್ಕೆ: ಐದು ವರ್ಷದಿಂದ ಬೇರೆಯವರ ಬಾಯಿಂದ ಕೇಳುತ್ತಿರುವ ಕಂಬಳಿಯನ್ನು ಒಮ್ಮೆ ತನ್ನ ಕಣ್ಣಿಂದ ನೋಡಬೇಕು. ಬಂಡೆ ಒಡೆಯುವ ಸುದ್ದಿ ಜನಾಬಾಯಿಗೆ ಗೊತ್ತಿರಲಿಲ್ಲ. ಹೇಳಬೇಕಾದವನು ನಾನು. ಹೇಳಿದೆ. ಆಕೆ ಅತ್ತೆಗೆ ಕೇಳಿಸಿತೇ ಎಂದು ಒಮ್ಮೆ ನೋಡಿ, "ಈಗ ಆಕಿಗೆ ಹೇಳಬ್ಯಾಡ್ರಿ," ಎಂದಳು.

ಮನೆಗೆ ಬಂದು, ಕಣ್ಣಿನ ಮಂಜು ಇಳಿದ ಮೇಲೆ, ಕ್ಯಾಮೆರಾದ ಹಳೆಯ ಮೆಮೊರಿ ಕಾರ್ಡು ಹುಡುಕಿದೆ. ತಿದ್ದದ ಮೂಲ ಫೋಟೋ ಅದರಲ್ಲಿತ್ತು. ಹಿಗ್ಗಿಸಿ ನೋಡಿದರೆ ಚುಕ್ಕೆಗೆ ನಾಲ್ಕು ಮೂಲೆಗಳಿದ್ದವು. ಎರಡನೆಯ ಫೋಟೋದಲ್ಲಿ ಒಂದು ಮೂಲೆ ಗಾಳಿಗೆ ಮಡಚಿತ್ತು. ಧೂಳು ಮಡಚುವುದಿಲ್ಲ. ಮನೆಯಾಕೆಯನ್ನು ಕರೆದು ತೋರಿಸಿದೆ. ಆಕೆ ಗೋಡೆಯ ಮೇಲಿನ ಫೋಟೋವನ್ನೂ ಕಂಪ್ಯೂಟರಿನ ಮೇಲಿನ ಫೋಟೋವನ್ನೂ ಎರಡೆರಡು ಸಲ ನೋಡಿ, ಗೋಡೆಯ ಮೇಲಿನದನ್ನು ಕಿತ್ತು ಮಡಚಿಟ್ಟಳು.

ಸ್ನೇಹಾಗೆ ಫೋನು ಮಾಡಿದೆ. ಮಾತಿನಲ್ಲಿ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಉದ್ದದ ಕೆಲಸವೆಂದು ಆಗ ಗೊತ್ತಾಯಿತು. ಕೇಳಿಸಿಕೊಂಡ ಆಕೆ ಬೈಯಲಿಲ್ಲ. ಜನರ ಅಹವಾಲು ಕೇಳುವ ಸಭೆ ಮೂರು ವಾರದಾಚೆಯ ಸೋಮವಾರ ಇದೆ, ಅದರೊಳಗೆ ತಿದ್ದುಪಡಿಯ ಹಾಳೆ ಕೊಟ್ಟರೆ ವರದಿಗೆ ಸೇರಿಸುತ್ತೇನೆ, ಆಮೇಲೆ ತೀರ್ಮಾನ ಮೇಲಿನವರದು ಎಂದಳು. ಮತ್ತೆ ಹೇಳಿದಳು: "ಕಾಕಾ, ಮಂದಿ ನೋಡತಾರ ಅಂತ ಬರದ್ರ ಸಾಲೂದಿಲ್ಲ. ಹೆಸರು ಬೇಕು. ನೀವಽ ಹೋಗಿ ಖಾತ್ರಿ ಮಾಡಕೋರಿ. ಈಗ ಜೀವಂತ ಇದ್ದವರದಷ್ಟ. ಸಭಾದಾಗ ಕರದ್ರ ಎದ್ದ ನಿಲ್ಲಬೇಕು."

ಅದಕ್ಕೇ, ಧೋಂಡೂಬಾಯಿಯ ಕಣ್ಣು ಬರುವ ತನಕ ಕಾದು, ಮೊನ್ನೆ ಗುರುವಾರ ಹೋದೆ. ಆಕೆಗೆ ಒಂದು ಕಣ್ಣಿನ ಆಪರೇಷನ್ ಆಗಿ ಪಟ್ಟಿ ತೆಗೆದು ಹದಿನೈದು ದಿನವಾಗಿತ್ತು. ನನ್ನ ಸರದಿ ಇನ್ನೂ ಬಂದಿಲ್ಲ. ಮುಂಜಾನೆ ಏಳೂಕಾಲಿಗೆ ಹೊರೆಗಲ್ಲಿನ ಹತ್ತಿರ ಹೋದವನು, ಈ ಸಲ ಕವಳಿ ಪೊದೆಯ ಹಿಂದೆ ನಿಂತೆ. ಅಲ್ಲಿಂದ ಪೊದೆಯ ಸಂದಿನಲ್ಲಿ ಹೊರೆಗಲ್ಲು ಪೂರ್ತಿ ಕಾಣುತ್ತದೆ. ಅಲ್ಲಿ ಒಬ್ಬ ಮನುಷ್ಯ ನಿಂತರೆ ನೀರು ಮುಕ್ಕಾಲು ಮರೆಯಾಗುತ್ತದೆ, ಬಂಡೆ ಪೂರ್ತಿ ಮರೆಯಾಗುತ್ತದೆ. ಅಳೆದು ನೋಡಿದ ಮಾತು ಇದು. ನನ್ನೊಂದಿಗೆ ಮೊದಲೇ ಬಂದಿದ್ದ ಜನಾಬಾಯಿಯ ಗಂಡ ವಿಠೂನನ್ನು ಅಲ್ಲಿ ನಿಲ್ಲಿಸಿ ನೋಡಿದೆ.

ಏಳೂವರೆಗೆ ಉಳಿದವರೆಲ್ಲ ಬಂದರು. ಕ್ಯಾನುಗಳನ್ನು ಅಡ್ಡಗಲ್ಲಿನ ಮೇಲೆ ಇಳಿಸಿದರು. ಧೋಂಡೂಬಾಯಿ ಕಪ್ಪು ಕನ್ನಡಕ ಹಾಕಿ, ಸೊಸೆಯ ಹೆಗಲು ಹಿಡಿದು ನಡೆದು ಬಂದಳು. ಯಾರೂ ಏನೂ ಹೇಳಿಕೊಡಲಿಲ್ಲ. ಆಕೆ ಕನ್ನಡಕ ತೆಗೆದು, ಅಂಗೈಯನ್ನು ಹುಬ್ಬಿನ ಮೇಲಿಟ್ಟು ಎದುರಿನ ಗುಡ್ಡ ನೋಡಿದಳು. ನಾನು ಗಡಿಯಾರ ನೋಡುವುದನ್ನು ಮರೆತೆ. ಹಾಗಾಗಿ ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಆಕೆ ಸಿಟ್ಟಿನಿಂದ ಹೇಳಿದಳು:

"ಸೊಟ್ಟ ಹಾಸ್ಯಾಳ. ಮದಿವ್ಯಾಗಿ ಇಷ್ಟ ವರ್ಷ ಆತು, ಇನ್ನೂ ಒಂದ ಕಂಬಳಿ ನೆಟ್ಟಗ ಹಾಸಾಕ ಬರಲಿಲ್ಲ ಈಕಿಗೆ."

ಹೇಳಿ ಮತ್ತೆ ಅದನ್ನೇ ನೋಡುತ್ತ ನಿಂತಳು. ಕ್ಯಾಮೆರಾ ನನ್ನ ಚೀಲದಲ್ಲಿತ್ತು. ತೆಗೆಯಲಿಲ್ಲ. ತೆಗೆದಿದ್ದರೆ ಎಲ್ಲರೂ ಹಿಂದೆ ಸರಿದುಬಿಡುತ್ತಿದ್ದರು.

ಬಂಡೆಯ ವಿಷಯವನ್ನು ಆಕೆಗೆ ಇನ್ನೂ ಯಾರೂ ಹೇಳಿಲ್ಲ. ನನ್ನ ಹಾಳೆಯನ್ನು ಮೇಲಿನವರು ಒಪ್ಪುತ್ತಾರೋ, 'ಮೊದಲು ಇಲ್ಲವೆಂದವನು ಈಗ ಹೌದೆನ್ನುತ್ತಾನೆ' ಎಂದು ಬದಿಗಿಡುತ್ತಾರೋ ಗೊತ್ತಿಲ್ಲ. ಹಾಳೆಯನ್ನು ಎರಡು ಪ್ರತಿ ಮಾಡಿ, ಒಂದನ್ನು ಕಪಾಟಿನಲ್ಲಿಟ್ಟು, ಕಪಾಟಿನ ಬೀಗವನ್ನು ಮೂರು ಸಲ ಜಗ್ಗಿ ನೋಡಿದ್ದೇನೆ. ಅದರಲ್ಲಿ ಬರೆದದ್ದನ್ನು ಇಲ್ಲೂ ಬರೆಯುತ್ತೇನೆ. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಇರಲಿ.

ನಾಲ್ಕನೆಯ ಜಾಗ. ಇಲ್ಲಿಂದ ನೋಡುವವರು: ಜನಾಬಾಯಿ, ಇದ್ದಾಳೆ. ಆಕೆಯ ಗಂಡ ವಿಠೂ, ಇದ್ದಾನೆ. ನೆರೆಮನೆಯ ಕೊಂಡೂಬಾಯಿ, ಇದ್ದಾಳೆ. ಬೆಳಗಾವಿಯ ಫೌಂಡ್ರಿಗೆ ಕೆಲಸಕ್ಕೆ ಹೋಗುವ ಅವಳ ಮೈದುನ ಬಾಬೂ, ಇದ್ದಾನೆ. ಆಚೆಯಿಂದ ಈ ಕಡೆ ನೋಡುವವಳು ಗಂಗೂಬಾಯಿ. ನಾನು ಆಕೆಯನ್ನು ಕಂಡಿಲ್ಲ, ಗುರುವಾರ ಏಳೂವರೆಗೆ ಕಂಬಳಿ ಕಂಡಿದ್ದೇನೆ, ಆದ್ದರಿಂದ ಇದ್ದಾಳೆ. ಧೋಂಡೂಬಾಯಿ. ಮಾರ್ಚ್ ತಿಂಗಳಲ್ಲಿ ಕೇಳಿ ತಿಳಿದವಳು, ಈಗ ಸ್ವತಃ ನೋಡಿದವಳು. ನಿನ್ನೆ ಸಂಜೆ ನಾಲ್ಕೂವರೆಗೆ ದವಾಖಾನೆಯ ಮೆಟ್ಟಿಲ ಮೇಲೆ, ಎರಡನೆಯ ಕಣ್ಣಿಗೆ ಯಾವಾಗ ಎಂದು ಸೊಸೆಯನ್ನು ಗದರುತ್ತಿದ್ದಾಗ ನಾನು ಕಂಡಂತೆ, ಇದ್ದಾಳೆ.